ಎದೆಯುರಿ ಇರುವವರ ಊಟ ಮತ್ತು ಅಡುಗೆ: ಮೈಸೂರು, ಮಂಡ್ಯದ ಮನೆಗಳಿಗೊಂದು ಮಾರ್ಗದರ್ಶಿ

ರಾತ್ರಿ ಉಂಡು ಮಲಗಿದ ಸ್ವಲ್ಪ ಹೊತ್ತಿಗೆ ಎದೆಯ ನಡುವೆ ಉರಿ ಏರುವುದು, ಬೆಳಗಿನ ಜಾವ ಬಾಯಿಗೆ ಹುಳಿನೀರು ಬರುವುದು, ಬಗ್ಗಿ ಕೆಲಸ ಮಾಡುವಾಗ ಉಂಡದ್ದು ಗಂಟಲಿಗೆ ಮರಳಿದಂತಾಗುವುದು, ಇವೆಲ್ಲ ಜಠರದ ಆಮ್ಲ ಅನ್ನನಾಳಕ್ಕೆ ಹಿಮ್ಮರಳುತ್ತಿರುವುದರ ಲಕ್ಷಣಗಳು. ಇಂಥವರಿಗೆ ನೆಂಟರಿಷ್ಟರಿಂದ ಸಿಗುವ ಸಲಹೆ ಸಾಮಾನ್ಯವಾಗಿ ನಿಷೇಧಗಳ ಉದ್ದ ಪಟ್ಟಿಯೇ ಆಗಿರುತ್ತದೆ: ಖಾರ ಬಿಡಿ, ಹುಳಿ ಬಿಡಿ, ಕಾಫಿ ಬಿಡಿ, ಮುದ್ದೆ ಬಿಡಿ, ಬಾಡು ಬಿಡಿ. ಅಷ್ಟನ್ನೂ ಒಟ್ಟಿಗೆ ಬಿಟ್ಟವರು ಕೆಲವು ದಿನ ಸಪ್ಪೆ ಅನ್ನ ತಿಂದು, ಬೇಸತ್ತು, ಹಳೆಯ ಊಟಕ್ಕೇ ಹಿಂದಿರುಗುತ್ತಾರೆ. ನಮ್ಮ ಕಡೆಯ ಊಟದಲ್ಲಿ ಮೊದಲು ಬದಲಾಗಬೇಕಾದದ್ದು ಪದಾರ್ಥಗಳಲ್ಲ. ರಾತ್ರಿ ಉಣ್ಣುವ ವೇಳೆ, ಒಂದು ಹೊತ್ತಿಗೆ ಹೊಟ್ಟೆಗೆ ಬೀಳುವ ಪ್ರಮಾಣ ಮತ್ತು ಒಗ್ಗರಣೆಯ ಎಣ್ಣೆ ಎಂಬುದು ನನ್ನ ದೃಢ ಅಭಿಪ್ರಾಯ. ಈ ಮೂರನ್ನು ಸರಿಪಡಿಸಿದ ಮೇಲೆ ಬಿಡಬೇಕಾದ ಪದಾರ್ಥಗಳು ಹಲವರಿಗೆ ಎರಡೋ ಮೂರೋ ಮಾತ್ರ ಉಳಿಯುತ್ತವೆ.

ಒಳಗೆ ನಡೆಯುವುದನ್ನು ತಿಳಿದುಕೊಂಡರೆ ಮುಂದಿನ ಹೆಜ್ಜೆಗಳ ಕಾರಣ ಸ್ಪಷ್ಟವಾಗುತ್ತದೆ. ಅನ್ನನಾಳವು ಜಠರವನ್ನು ಸೇರುವ ಜಾಗದಲ್ಲಿ ಸ್ನಾಯುವಿನ ಒಂದು ಉಂಗುರವಿದೆ. ನಾಲೆಯ ತೂಬಿನಂತೆ ಅದು ತುತ್ತು ಇಳಿಯುವಾಗ ತೆರೆದು ಉಳಿದ ಹೊತ್ತು ಮುಚ್ಚಿರಬೇಕು. ಜಠರದ ರಸ ಪ್ರಬಲವಾದ ಆಮ್ಲ. ಅದರ ಪಿಎಚ್ (ಆಮ್ಲತೆಯ ಅಳತೆ, ಅಂಕಿ ಕಡಿಮೆಯಾದಷ್ಟೂ ಆಮ್ಲ ಪ್ರಬಲ) ಸಾಮಾನ್ಯವಾಗಿ 1.5ರಿಂದ 3.5ರವರೆಗೆ ಇರುತ್ತದೆ. ಅದನ್ನು ತಡೆದುಕೊಳ್ಳುವ ದಪ್ಪ ಲೋಳೆಪದರ ಜಠರಕ್ಕಿದೆ, ಅನ್ನನಾಳಕ್ಕೆ ಅಂಥ ರಕ್ಷಣೆಯಿಲ್ಲ. ಹೊಟ್ಟೆ ಅತಿಯಾಗಿ ಹಿಗ್ಗಿದಾಗ ಈ ಉಂಗುರ ಪದೇ ಪದೇ ಸಡಿಲಗೊಳ್ಳುತ್ತದೆ. ಕೊಬ್ಬು ಹೆಚ್ಚಿರುವ ಊಟವು ಅದರ ಬಿಗಿಯನ್ನು ತಗ್ಗಿಸುವುದಲ್ಲದೆ ಜಠರ ಖಾಲಿಯಾಗುವುದನ್ನೂ ತಡಮಾಡುತ್ತದೆ. ಹೊಗೆಸೊಪ್ಪು, ಮದ್ಯ ಮತ್ತು ಚಾಕೊಲೇಟ್ ಸಹ ಅದನ್ನು ಸಡಿಲಿಸುತ್ತವೆ. ಹೊಟ್ಟೆಯ ಬೊಜ್ಜು, ತುಂಬು ಗರ್ಭ, ಬಿಗಿಯಾದ ಬೆಲ್ಟು ಅಥವಾ ಲಂಗದ ಲಾಡಿ ಹೊಟ್ಟೆಯನ್ನು ಹೊರಗಿನಿಂದ ಒತ್ತುತ್ತವೆ. ಹೀಗಾಗಿ ಬಹುಪಾಲು ಜನರ ತೊಂದರೆಗೆ ಕಾರಣ ಆಮ್ಲ ಹೆಚ್ಚಾಗಿ ಹುಟ್ಟುವುದಲ್ಲ, ಅದು ಬರಬಾರದ ಜಾಗಕ್ಕೆ ಬರುವುದು.

ಊಟ ಬದಲಿಸುವ ಮೊದಲು ನೋಡಬೇಕಾದದ್ದು

ಎದೆಯ ಮೇಲೆ ಭಾರ ಇಟ್ಟಂಥ ನೋವು ಬಂದು, ಅದು ಎಡಗೈಗೆ, ಭುಜಕ್ಕೆ, ದವಡೆಗೆ ಹರಡಿದರೆ, ಬೆವರು ಕಿತ್ತುಬಂದರೆ, ಉಸಿರು ಕಟ್ಟಿದರೆ, ಅಥವಾ ಮೆಟ್ಟಿಲು ಹತ್ತುವಾಗ ಬಂದ ನೋವು ನಿಂತಾಗ ಕಡಿಮೆಯಾದರೆ ಅದನ್ನು ಗ್ಯಾಸ್ಟ್ರಿಕ್ ಎಂದು ಭಾವಿಸಿ ಸೋಡಾ ಕುಡಿದು ಕಾಯಬಾರದು. ಮಧುಮೇಹ ಇರುವವರಲ್ಲಿ ಮತ್ತು ಹೆಂಗಸರಲ್ಲಿ ಹೃದಯಾಘಾತವು ಕೆಲವೊಮ್ಮೆ ಬರೀ ಹೊಟ್ಟೆಯ ಮೇಲ್ಭಾಗದ ಸಂಕಟವಾಗಿ, ವಾಕರಿಕೆಯಾಗಿ, ವಿಪರೀತ ಸುಸ್ತಾಗಿ ಕಾಣಿಸಿಕೊಳ್ಳುತ್ತದೆ. ತಕ್ಷಣ 108ಕ್ಕೆ ಕರೆ ಮಾಡಿ ಇಸಿಜಿ ಆಗುವ ಕಡೆಗೆ ಹೋಗಬೇಕು. ಮೈಸೂರಿನಲ್ಲಿ ಜಯದೇವ ಹೃದ್ರೋಗ ಆಸ್ಪತ್ರೆ ಮತ್ತು ಕೆ.ಆರ್. ಆಸ್ಪತ್ರೆ ಇವೆ, ಮಂಡ್ಯದಲ್ಲಿ ಮಿಮ್ಸ್ ಸರ್ಕಾರಿ ಆಸ್ಪತ್ರೆ ಇದೆ. ವೈದ್ಯರು ನೋಡಿ ಹೃದಯದ ತೊಂದರೆಯಲ್ಲ ಎಂದರೆ ಕಳೆದುಕೊಂಡದ್ದು ಒಂದಿಷ್ಟು ಹೊತ್ತು ಮಾತ್ರ.

ನಮ್ಮ ಕಡೆಯವರು ವಿಶೇಷವಾಗಿ ಗಮನಿಸಬೇಕಾದ ಇನ್ನೊಂದು ಲಕ್ಷಣವಿದೆ. ಬಾಲ್ಯದಿಂದ ಮುದ್ದೆ ನುಂಗಿ ಅಭ್ಯಾಸವಿರುವವರಿಗೆ ಈಚೆಗೆ ತುತ್ತು ಎದೆಯಲ್ಲಿ ನಿಂತಂತಾಗುವುದು, ನೀರು ಕುಡಿದು ಇಳಿಸಬೇಕಾಗುವುದು, ಮುದ್ದೆ ಬಿಟ್ಟು ಗಂಜಿಗೆ ಬರುವಂತಾಗುವುದು ಸಾಮಾನ್ಯ ಎದೆಯುರಿಯಲ್ಲ. ಅದನ್ನು ವಯಸ್ಸಿನ ಲೆಕ್ಕಕ್ಕೆ ಹಾಕದೆ ಎಂಡೋಸ್ಕೋಪಿ (ಬಾಯಿಯ ಮೂಲಕ ಕ್ಯಾಮೆರಾ ಇರುವ ನಳಿಕೆ ಇಳಿಸಿ ಒಳಗೆ ನೋಡುವ ಪರೀಕ್ಷೆ) ಮಾಡಿಸಬೇಕು. ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತವಾಂತಿ, ಡಾಂಬರಿನ ಬಣ್ಣದ ಮಲ, ರಕ್ತಹೀನತೆ, ನಿಲ್ಲದ ವಾಂತಿ, ಇವುಗಳಲ್ಲಿ ಯಾವುದಿದ್ದರೂ ಮನೆಮದ್ದಿನಲ್ಲಿ ಕಾಲ ಕಳೆಯಬಾರದು.

ಮೊದಲ ಹೆಜ್ಜೆ: ಎರಡು ವಾರದ ಬರಹ

ಒಂದು ನೋಟ್ ಪುಸ್ತಕದಲ್ಲಿ ಏನು ತಿಂದಿರಿ, ಎಷ್ಟು ಗಂಟೆಗೆ ತಿಂದಿರಿ, ಎಷ್ಟು ಗಂಟೆಗೆ ಮಲಗಿದಿರಿ, ಉರಿ ಯಾವಾಗ ಬಂತು ಎಂಬ ನಾಲ್ಕು ವಿಷಯಗಳನ್ನು ಬರೆಯಿರಿ. ನುಂಗಿದ ಮಾತ್ರೆಗಳನ್ನೂ ಸೇರಿಸಿ, ಏಕೆಂದರೆ ಮೈಕೈ ನೋವಿಗೆ ಅಂಗಡಿಯಿಂದ ತಂದು ನುಂಗುವ ಡೈಕ್ಲೋಫೆನಾಕ್, ಐಬುಪ್ರೊಫೆನ್‌ಗಳು ಜಠರವನ್ನು ಕೆಣಕುತ್ತವೆ. ರಕ್ತದೊತ್ತಡಕ್ಕೆ ಕೊಡುವ ಆಮ್ಲೋಡಿಪಿನ್‌ನಂಥ ಮಾತ್ರೆಗಳು ಕೆಲವರಲ್ಲಿ ಹಿಮ್ಮರಳುವಿಕೆಯನ್ನು ಹೆಚ್ಚಿಸುತ್ತವೆ. ರಕ್ತದೊತ್ತಡದ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ, ವೈದ್ಯರಿಗೆ ವಿಷಯ ತಿಳಿಸಿ. ಉರಿ ಬೇರೆ, ಉಬ್ಬರ ಬೇರೆ ಎಂದು ಗುರುತಿಸಿ ಬರೆಯುವುದೂ ಮುಖ್ಯ. ಅವರೆಕಾಳು ತಿಂದ ಮೇಲೆ ಕಿಬ್ಬೊಟ್ಟೆ ಉಬ್ಬಿ ವಾಯು ಹೋಗುವುದು, ಆ ಕಾಳಿನ ಕೆಲವು ಸಕ್ಕರೆಗಳು ದೊಡ್ಡ ಕರುಳಿನಲ್ಲಿ ಹುದುಗುವುದರಿಂದ ಆಗುವಂಥದ್ದು. ಅದಕ್ಕೆ ಆಮ್ಲ ತಗ್ಗಿಸುವ ಮಾತ್ರೆಯಿಂದ ಪ್ರಯೋಜನವಿಲ್ಲ.

ಎರಡನೆಯ ಹೆಜ್ಜೆ: ರಾತ್ರಿ ಊಟವನ್ನು ಹಿಂದಕ್ಕೆ ತರುವುದು

ಇಡೀ ಲೇಖನದಲ್ಲಿ ಒಂದನ್ನು ಮಾತ್ರ ಪಾಲಿಸಲು ಸಾಧ್ಯವೆನ್ನುವವರು ಇದನ್ನು ಪಾಲಿಸಲಿ: ರಾತ್ರಿ ಊಟಕ್ಕೂ ಮಲಗುವುದಕ್ಕೂ ನಡುವೆ ಕನಿಷ್ಠ 3 ಗಂಟೆ ಇರಬೇಕು. ಹತ್ತೂವರೆಗೆ ಮಲಗುವವರು ಏಳೂವರೆಗೆ ಕೈ ತೊಳೆದಿರಬೇಕು. ಗಟ್ಟಿ ಊಟ ಜಠರದಿಂದ ಬಹುಪಾಲು ಕರುಳಿಗೆ ಇಳಿಯಲು ಸುಮಾರು ಮೂರು ನಾಲ್ಕು ಗಂಟೆ ಬೇಕಾಗುತ್ತದೆ, ಕೊಬ್ಬು ಹೆಚ್ಚಿದ್ದರೆ ಇನ್ನೂ ತಡವಾಗುತ್ತದೆ.

ಇದನ್ನು ಹೇಳುವುದು ಸುಲಭ, ನಡೆಸುವುದು ಕಷ್ಟ ಎಂಬುದು ಗೊತ್ತಿದೆ. ಮಂಡ್ಯದಿಂದ ದಿನವೂ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಬರುವವರು ಮನೆ ಸೇರುವ ಹೊತ್ತಿಗೆ ಒಂಬತ್ತಾಗಿರುತ್ತದೆ, ಅಂಗಡಿ ನಡೆಸುವವರು ಬಾಗಿಲು ಹಾಕಿ ಬರುವ ಹೊತ್ತಿಗೆ ಹತ್ತು ಹೊಡೆದಿರುತ್ತದೆ. ಅಂಥವರು ಊಟವನ್ನು ಎರಡು ಭಾಗ ಮಾಡಿಕೊಳ್ಳಬೇಕು. ಸಂಜೆ ಆರೂವರೆ ಏಳರ ಹೊತ್ತಿಗೆ ಡಬ್ಬಿಯಲ್ಲಿ ಒಯ್ದ ಎರಡು ಚಪಾತಿ ಪಲ್ಯ, ಅಥವಾ ಅವಲಕ್ಕಿ, ಅಥವಾ ಇಡ್ಲಿ ತಿಂದು, ಮನೆಗೆ ಬಂದ ಮೇಲೆ ಒಂದು ಬಟ್ಟಲು ತೆಳ್ಳನೆಯ ರಾಗಿ ಅಂಬಲಿ ಅಥವಾ ಸ್ವಲ್ಪ ಅನ್ನ, ಬೇಳೆಕಟ್ಟು ಸಾಕು. ರೈಲಿನಲ್ಲಿ ಹಸಿವು ತಡೆಯಲಾರದೆ ಮದ್ದೂರು ವಡೆ ತಿಂದು, ಮನೆಗೆ ಬಂದು ಮತ್ತೆ ಪೂರ್ತಿ ಊಟ ಮಾಡಿ ಮಲಗುವುದು ಈ ತೊಂದರೆಗೆ ಅತ್ಯಂತ ಕೆಟ್ಟ ಕ್ರಮ. ಕರಿದ ಎಣ್ಣೆ, ದೊಡ್ಡ ಊಟ, ಕೂಡಲೇ ಮಲಗುವುದು ಮೂರೂ ಅಲ್ಲಿ ಒಟ್ಟಾಗುತ್ತವೆ. ಶನಿವಾರ ರಾತ್ರಿ ಊಟ ಬಿಟ್ಟು ತಿಂಡಿ ತಿನ್ನುವ ಮನೆಗಳಲ್ಲಿ ತಡವಾಗಿ ಮಾಡುವ ಎಣ್ಣೆ ಸುರಿದ ಉಪ್ಪಿಟ್ಟು, ದೋಸೆಗಳಿಗೂ ಇದೇ ಮಾತು ಅನ್ವಯಿಸುತ್ತದೆ.

ಮೂರನೆಯ ಹೆಜ್ಜೆ: ಮುದ್ದೆಯ ಗಾತ್ರ

ರಾಗಿ ಎದೆಯುರಿಗೆ ಕಾರಣವಲ್ಲ. ಅದು ನಾರಿನಂಶವುಳ್ಳ ಒಳ್ಳೆಯ ಧಾನ್ಯ, ಅದರಲ್ಲಿ ಕೊಬ್ಬು ಕಡಿಮೆ. ತೊಂದರೆಯಿರುವುದು ದೊಡ್ಡ ಮುದ್ದೆಯನ್ನು ಅಗಿಯದೆ ಅವಸರದಲ್ಲಿ ನುಂಗಿ, ಮೇಲೆ ಅನ್ನ ಸಾರು, ಅದರ ಮೇಲೆ ಮಜ್ಜಿಗೆ ಅನ್ನ ಉಂಡು, ಕೊನೆಗೆ ಒಂದು ಚೊಂಬು ನೀರು ಕುಡಿಯುವುದರಲ್ಲಿ. ಕೆಲವೇ ನಿಮಿಷಗಳಲ್ಲಿ ಜಠರ ಹಿಗ್ಗಿಬಿಡುತ್ತದೆ. ಮುದ್ದೆಯ ಗಾತ್ರವನ್ನು ಅರ್ಧಕ್ಕಿಳಿಸಿ, ತುತ್ತುಗಳನ್ನು ಚಿಕ್ಕದಾಗಿಸಿ, ಮುದ್ದೆ ಉಂಡ ಹೊತ್ತು ಅನ್ನ ಬೇಡವೆಂದು ತೀರ್ಮಾನಿಸಿ, ಊಟಕ್ಕೆ ಇಪ್ಪತ್ತು ನಿಮಿಷವನ್ನಾದರೂ ಕೊಡಿ. ನೀರನ್ನು ಊಟದ ನಡುವೆ ಗುಟುಕಾಗಿ ಕುಡಿದು, ಉಳಿದದ್ದನ್ನು ಊಟಗಳ ಮಧ್ಯದ ಹೊತ್ತಿನಲ್ಲಿ ಕುಡಿಯಿರಿ. ಸಾಧ್ಯವಿದ್ದರೆ ಮುದ್ದೆಯನ್ನು ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ.

ಗದ್ದೆ ಕೆಲಸದವರಿಗೆ ಒಂದು ಮಾತು ಸೇರಿಸಬೇಕು. ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ನಾಟಿ ಮತ್ತು ಕಳೆಯ ಕಾಲದಲ್ಲಿ ಹೆಂಗಸರು ಬುತ್ತಿ ಉಂಡ ಕೂಡಲೇ ಸೊಂಟ ಬಗ್ಗಿಸಿ ಗದ್ದೆಗಿಳಿಯುತ್ತಾರೆ. ತುಂಬಿದ ಹೊಟ್ಟೆಯ ಮೇಲೆ ಬಗ್ಗಿದರೆ ಆಮ್ಲ ನೇರವಾಗಿ ಮೇಲೇರುತ್ತದೆ. ಬುತ್ತಿಯನ್ನು ಎರಡು ಬಾರಿ ಸ್ವಲ್ಪ ಸ್ವಲ್ಪವಾಗಿ ಉಣ್ಣುವುದು, ಉಂಡ ಮೇಲೆ ಅರ್ಧ ಗಂಟೆಯಾದರೂ ಕಂತೆ ಸಾಗಿಸುವಂಥ ನಿಂತು ಮಾಡುವ ಕೆಲಸ ಇಟ್ಟುಕೊಳ್ಳುವುದು ಸಾಧ್ಯವಾದರೆ ಬಹಳ ನೆರವಾಗುತ್ತದೆ. ಮನೆಯಲ್ಲಿಯೂ ಊಟವಾದ ಕೂಡಲೇ ನೆಲ ಒರೆಸುವುದನ್ನು ಮುಂದೂಡಿ.

ನಾಲ್ಕನೆಯ ಹೆಜ್ಜೆ: ಒಲೆಯ ಮುಂದೆ

ಎಣ್ಣೆಯ ಲೆಕ್ಕದಿಂದ ಆರಂಭಿಸೋಣ. ತಿಂಗಳಿಗೆ ಮನೆಗೆ ಎಷ್ಟು ಲೀಟರ್ ಎಣ್ಣೆ ಬರುತ್ತದೆ ಎಂಬುದನ್ನು ಉಣ್ಣುವವರ ಸಂಖ್ಯೆಯಿಂದ ಭಾಗಿಸಿ. ತಲೆಗೆ ಒಂದು ಲೀಟರ್ ಬಂದರೆ ಪ್ರತಿಯೊಬ್ಬರೂ ದಿನಕ್ಕೆ ಸುಮಾರು 33 ಮಿಲಿಲೀಟರ್ ಎಣ್ಣೆ ತಿನ್ನುತ್ತಿದ್ದಾರೆ ಎಂದರ್ಥ, ಹೊರಗಿನ ತಿಂಡಿಯ ಎಣ್ಣೆ ಬೇರೆ. ಎದೆಯುರಿ ಇರುವ ಮನೆಯಲ್ಲಿ ಇದನ್ನು ಅರ್ಧ ಲೀಟರಿನ ಆಸುಪಾಸಿಗೆ ತರುವ ಗುರಿ ಇಟ್ಟುಕೊಳ್ಳಿ. ಬಾಟಲಿಯಿಂದ ನೇರವಾಗಿ ಬಾಣಲೆಗೆ ಸುರಿಯುವುದನ್ನು ನಿಲ್ಲಿಸಿ, 5 ಮಿಲಿಲೀಟರಿನ ಚಮಚದಿಂದ ಅಳೆದು ಹಾಕಿದರೆ ಅರ್ಧ ಕೆಲಸ ಮುಗಿದಂತೆ. ಸಾಸಿವೆ, ಕರಿಬೇವು, ಇಂಗಿನ ಪರಿಮಳಕ್ಕೆ ಒಂದು ಚಮಚ ಎಣ್ಣೆ ಸಾಕು. ಕೊನೆಯಲ್ಲಿ ಹಾಕಿದ ಒಗ್ಗರಣೆಯ ಘಮ ಹೆಚ್ಚಾಗಿಯೇ ಇರುತ್ತದೆ.

ನಮ್ಮ ಅಡುಗೆಗಳಲ್ಲಿ ಈ ತೊಂದರೆಗೆ ಅತ್ಯುತ್ತಮವಾಗಿ ಹೊಂದುವುದು ಉಪ್ಪುಸಾರು. ಸೊಪ್ಪು, ಬೇಳೆ ಅಥವಾ ಕಾಳನ್ನು ಉಪ್ಪು ಹಾಕಿ ಬೇಯಿಸಿ ಬಸಿದ ಕಟ್ಟೇ ಸಾರಾಗುತ್ತದೆ. ಮೆಣಸಿನಕಾಯಿ, ಬೆಳ್ಳುಳ್ಳಿ, ಮೆಣಸು, ಜೀರಿಗೆ, ಹುಣಸೆಹಣ್ಣು ಸೇರಿಸಿ ಅರೆದ ಖಾರ ಬೇರೆ ಬಟ್ಟಲಲ್ಲಿ ಇರುತ್ತದೆ. ತಟ್ಟೆಯಲ್ಲಿ ಯಾರಿಗೆ ಎಷ್ಟು ಬೇಕೋ ಅಷ್ಟು ಕಲಸಿಕೊಳ್ಳುವ ಕ್ರಮ ಇರುವುದರಿಂದ ಮನೆಯವರೆಲ್ಲ ಒಂದೇ ಅಡುಗೆ ಉಣ್ಣಬಹುದು, ಎದೆಯುರಿಯವರು ಖಾರವನ್ನು ಬೆರಳ ತುದಿಯಷ್ಟು ತೆಗೆದುಕೊಂಡರೆ ಅಥವಾ ಬಿಟ್ಟರೆ ಆಯಿತು. ಒಬ್ಬರಿಗಾಗಿ ಬೇರೆ ಅಡುಗೆ ಮಾಡುವ ಹೊರೆ ಅಡುಗೆಯವರ ಮೇಲೆ ಬಿದ್ದರೆ ಯಾವ ಪಥ್ಯವೂ ಬಹಳ ದಿನ ನಡೆಯುವುದಿಲ್ಲ. ವಾರದಲ್ಲಿ ಎರಡು ಮೂರು ದಿನ ಉಪ್ಪುಸಾರನ್ನು ಇಟ್ಟುಕೊಳ್ಳಿ ಎಂದು ಒತ್ತಿ ಹೇಳುತ್ತೇನೆ.

ಬಸ್ಸಾರಿನಲ್ಲಿ ಮಸಾಲೆ ಹುರಿಯುವ ಎಣ್ಣೆ ಮತ್ತು ತೆಂಗಿನಕಾಯಿ ಸೇರಿ ಕೊಬ್ಬು ಏರುತ್ತದೆ. ಈರುಳ್ಳಿ, ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಹುರಿಯುವ ಬದಲು ಹಿಂದಿನವರಂತೆ ಕೆಂಡದಲ್ಲಿ ಅಥವಾ ಒಲೆಯ ಉರಿಯ ಮೇಲೆ ಸುಟ್ಟು ಅರೆಯಿರಿ. ಕಾಯಿಯನ್ನು ಅರ್ಧ ಮಾಡಿ, ಬೆಂದ ಕಾಳು ಮತ್ತು ಸೊಪ್ಪಿನ ಒಂದು ಹಿಡಿಯನ್ನು ಮಸಾಲೆಯ ಜೊತೆ ರುಬ್ಬಿದರೆ ಸಾರು ಗಟ್ಟಿಯಾಗುತ್ತದೆ, ರುಚಿಯೂ ಕೆಡುವುದಿಲ್ಲ. ಮಸ್ಸೊಪ್ಪಿಗೆ ಹಸಿಮೆಣಸಿನಕಾಯಿಯ ಸಂಖ್ಯೆ ತಗ್ಗಿಸಿ, ಟೊಮೆಟೊ ಮತ್ತು ಹುಣಸೆ ಎರಡನ್ನೂ ಹಾಕುವ ಅಭ್ಯಾಸವಿದ್ದರೆ ಒಂದನ್ನು ಬಿಡಿ.

ಹುಣಸೆಯ ಹುಳಿಗೆ ಮುಖ್ಯ ಕಾರಣ ಟಾರ್ಟಾರಿಕ್ ಆಮ್ಲ. ನಿಂಬೆ ಗಾತ್ರದ ಹುಣಸೆ ನೆನೆಸುವವರು ಗೋಲಿ ಗಾತ್ರಕ್ಕೆ ಇಳಿಯಲಿ. ಹುಳಿ ಹೆಚ್ಚಾದಾಗ ಬೆಲ್ಲ ಹಾಕಿ ಸರಿದೂಗಿಸುವುದು ನಾಲಿಗೆಗೆ ಮಾತ್ರ ಸಮಾಧಾನ ಕೊಡುತ್ತದೆ. ಮಂಡ್ಯದ ಎಷ್ಟೇ ಒಳ್ಳೆಯ ಬೆಲ್ಲವಾದರೂ ಸಾರಿನ ಆಮ್ಲ ಇದ್ದಷ್ಟೇ ಇರುತ್ತದೆ. ಪುಳಿಯೋಗರೆಯ ಗೊಜ್ಜಿನಲ್ಲಿ ಹುಳಿ, ಖಾರ, ಎಣ್ಣೆ ಮೂರೂ ಸಾಂದ್ರವಾಗಿರುವುದರಿಂದ ಅದನ್ನು ರಾತ್ರಿಯ ಊಟದಿಂದ ಪೂರ್ತಿ ತೆಗೆದುಬಿಡುವುದು ಒಳ್ಳೆಯದು.

ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಎಂಬ ಅಂಶ ಉರಿಯ ಅರಿವು ಕೊಡುವ ನರಗಳನ್ನು ಕೆರಳಿಸುತ್ತದೆ. ಈಗಾಗಲೇ ಕೆಂಪಾಗಿರುವ ಅನ್ನನಾಳಕ್ಕೆ ಅದು ಹೆಚ್ಚು ತಾಗುತ್ತದೆ. ಖಾರದ ಬಹುಭಾಗ ಇರುವುದು ಬೀಜ ಅಂಟಿಕೊಂಡಿರುವ ಬಿಳಿ ತಿರುಳಿನಲ್ಲಿ, ಆದ್ದರಿಂದ ಅದನ್ನು ತೆಗೆದು ಬಳಸಬಹುದು. ಗುಂಟೂರು ಮೆಣಸಿನಕಾಯಿಯ ಬದಲು ಬ್ಯಾಡಗಿ ಬಳಸಿದರೆ ಬಣ್ಣ ಉಳಿದು ಖಾರ ಇಳಿಯುತ್ತದೆ. ಕೊತ್ತಂಬರಿ ಬೀಜ, ಜೀರಿಗೆ, ಮೆಂತ್ಯಗಳನ್ನು ಹೆಚ್ಚಿಸಿ ಸಾರಿನ ಪುಡಿಯನ್ನು ಮನೆಯಲ್ಲೇ ಮಾಡಿಕೊಂಡರೆ ಹದ ನಿಮ್ಮ ಕೈಯಲ್ಲಿರುತ್ತದೆ. ಹಸಿ ಈರುಳ್ಳಿ ಹಲವರಿಗೆ ಆಗುವುದಿಲ್ಲ, ಬೇಯಿಸಿದ್ದು ಸಾಮಾನ್ಯವಾಗಿ ಒಗ್ಗುತ್ತದೆ. ಒಣ ಅವರೆ, ಹುರುಳಿ, ಅಲಸಂದೆಗಳನ್ನು ರಾತ್ರಿಯಿಡೀ ನೆನೆಸಿ, ನೆನೆದ ನೀರು ಚೆಲ್ಲಿ ಬೇಯಿಸಿದರೆ ಉಬ್ಬರ ಕಡಿಮೆಯಾಗುತ್ತದೆ. ಹಿದಕಬೇಳೆಯ ಸಾರು ಮಾಡುವ ಮಾರ್ಗಶಿರ, ಪುಷ್ಯದ ದಿನಗಳಲ್ಲಿ ಮೂರು ಹೊತ್ತೂ ಅವರೆಯನ್ನೇ ತಿನ್ನದೆ ಮಧ್ಯಾಹ್ನದ ಒಂದು ಹೊತ್ತಿಗೆ ಸೀಮಿತಗೊಳಿಸಿ.

ಬಾಡೂಟ ಪ್ರಿಯರು ಅದನ್ನು ಬಿಡಬೇಕಾಗಿಲ್ಲ, ಮಧ್ಯಾಹ್ನಕ್ಕೆ ತರಬೇಕು. ಬನ್ನೂರು ಕುರಿಯ ಮಾಂಸ ಮೃದು, ಕೊಬ್ಬೂ ಅದರಲ್ಲಿ ಕಾಣುವಷ್ಟು ಇರುತ್ತದೆ. ಕಣ್ಣಿಗೆ ಕಾಣುವ ಕೊಬ್ಬನ್ನು ಕತ್ತರಿಸಿ ತೆಗೆದು, ಬೆಂದ ಮೇಲೆ ತೇಲುವ ಜಿಡ್ಡನ್ನು ಸೌಟಿನಿಂದ ಎತ್ತಿಬಿಡಿ. ಬೀಗರೂಟದಲ್ಲಿ ಬಡಿಸುವವರ ಒತ್ತಾಯಕ್ಕೆ ಮಣಿಯದಿರುವುದು ಕಷ್ಟವಾದರೂ, ಚಾಪ್ಸು, ಬಿರಿಯಾನಿ, ಮುದ್ದೆ, ಅನ್ನ ನಾಲ್ಕರಲ್ಲಿ ಎರಡನ್ನು ಮಾತ್ರ ಆರಿಸಿಕೊಳ್ಳುವುದು ಯಾರಿಗೂ ಅವಮಾನವಲ್ಲ.

ಕಾಫಿ, ಎಲೆ ಅಡಿಕೆ, ಹಾಲು, ಸೋಡಾ

ಕಾಫಿ ಎಲ್ಲರಿಗೂ ಒಂದೇ ರೀತಿ ತೊಂದರೆ ಕೊಡುವುದಿಲ್ಲ. ಎದ್ದ ಕೂಡಲೇ ಖಾಲಿ ಹೊಟ್ಟೆಗೆ ಕುಡಿಯುವ ಸ್ಟ್ರಾಂಗ್ ಫಿಲ್ಟರ್ ಕಾಫಿಯನ್ನು ತಿಂಡಿಯ ನಂತರಕ್ಕೆ ದೂಡಿ, ಡಿಕಾಕ್ಷನ್ ತೆಳುವಾಗಿಸಿ, ದಿನಕ್ಕೆ ಎರಡು ಲೋಟಕ್ಕೆ ನಿಲ್ಲಿಸಿ ನೋಡಿ. ಉರಿ ಹಾಗೆಯೇ ಇದ್ದರೆ ಎರಡು ವಾರ ಪೂರ್ತಿ ಬಿಟ್ಟು ಪರೀಕ್ಷಿಸಿ.

ಊಟದ ನಂತರದ ಎಲೆ ಅಡಿಕೆಯನ್ನು ಜೀರ್ಣಕ್ಕೆ ಒಳ್ಳೆಯದೆಂದು ಹಲವರು ಸಮರ್ಥಿಸುತ್ತಾರೆ. ಅಗಿಯುವುದರಿಂದ ಬರುವ ಜೊಲ್ಲು ಆಮ್ಲವನ್ನು ತೊಳೆಯುತ್ತದೆ ಎಂಬುದು ನಿಜ. ಆದರೆ ಅಡಿಕೆ ಬಾಯಿಯ ಕ್ಯಾನ್ಸರಿಗೆ ಕಾರಣವಾಗುತ್ತದೆ, ಹೊಗೆಸೊಪ್ಪು ಸೇರಿದರೆ ಅಪಾಯ ಇನ್ನೂ ಹೆಚ್ಚುತ್ತದೆ, ಅದರ ನಿಕೋಟಿನ್ ಅನ್ನನಾಳದ ಉಂಗುರವನ್ನೂ ಸಡಿಲಿಸುತ್ತದೆ. ಜೊಲ್ಲಿಗಾಗಿ ಸೋಂಪು ಅಥವಾ ಜೀರಿಗೆಯನ್ನು ಅಗಿದರೆ ಸಾಕು.

ತಣ್ಣನೆಯ ಹಾಲು ಕೂಡಲೇ ಹಿತವೆನಿಸುತ್ತದೆ, ಆದರೆ ಅದರ ಪ್ರೋಟೀನ್ ಮತ್ತು ಕ್ಯಾಲ್ಸಿಯಂ ಸ್ವಲ್ಪ ಹೊತ್ತಿನ ಬಳಿಕ ಆಮ್ಲ ಸ್ರವಿಸುವುದನ್ನು ಪ್ರಚೋದಿಸುತ್ತವೆ. ಮಲಗುವಾಗ ದೊಡ್ಡ ಲೋಟ ಕೆನೆಹಾಲು ಕುಡಿಯುವುದು ಆದ್ದರಿಂದ ಸರಿಯಲ್ಲ. ಆಯಾ ದಿನದ ಹುಳಿಯಿಲ್ಲದ ಮಜ್ಜಿಗೆ ಮಧ್ಯಾಹ್ನಕ್ಕೆ ಒಳ್ಳೆಯದು. ಅಡುಗೆ ಸೋಡಾ ಕಲಸಿ ಕುಡಿದರೆ ಉರಿ ತಗ್ಗುತ್ತದೆ, ಜೊತೆಗೆ ಇಂಗಾಲದ ಡೈಆಕ್ಸೈಡ್ ಹುಟ್ಟಿ ಹೊಟ್ಟೆ ಹಿಗ್ಗುತ್ತದೆ, ಸೋಡಿಯಂ ದೇಹಕ್ಕೆ ಸೇರುತ್ತದೆ. ರಕ್ತದೊತ್ತಡ, ಹೃದಯ ಅಥವಾ ಮೂತ್ರಪಿಂಡದ ತೊಂದರೆ ಇರುವವರು ಮತ್ತು ಗರ್ಭಿಣಿಯರು ಅದರ ಹತ್ತಿರ ಹೋಗಬಾರದು.

ಹಾಸಿಗೆ ಮತ್ತು ಮಾತ್ರೆ

ಮಂಚದ ತಲೆಯ ಕಡೆಯ ಎರಡು ಕಾಲುಗಳ ಕೆಳಗೆ 15ರಿಂದ 20 ಸೆಂಟಿಮೀಟರ್ ಎತ್ತರದ ಗಟ್ಟಿ ಮರದ ದಿಮ್ಮಿ ಅಥವಾ ಇಟ್ಟಿಗೆಗಳನ್ನು ಜಾರದಂತೆ ಇಡಿ. ದಿಂಬಿನ ಮೇಲೆ ದಿಂಬು ಪೇರಿಸಿದರೆ ಕುತ್ತಿಗೆ ಮಾತ್ರ ಎತ್ತರವಾಗಿ, ಹೊಟ್ಟೆ ಮಡಚಿ, ಒತ್ತಡ ಹೆಚ್ಚಾಗುತ್ತದೆ. ಚಾಪೆಯ ಮೇಲೆ ಮಲಗುವವರು ಸೊಂಟದಿಂದ ತಲೆಯವರೆಗೆ ಇಳಿಜಾರಾಗಿರುವ ಗಟ್ಟಿ ಮೆತ್ತೆಯನ್ನು ಹೊಲಿಸಿಕೊಳ್ಳಬಹುದು. ಎಡಮಗ್ಗುಲಲ್ಲಿ ಮಲಗಿದರೆ ಜಠರದ ಆಮ್ಲ ಅನ್ನನಾಳದ ಬಾಯಿಗಿಂತ ಕೆಳಗೆ ಉಳಿಯುತ್ತದೆ, ಬಲಮಗ್ಗುಲಲ್ಲಿ ಅದು ತಲೆಕೆಳಗಾಗುತ್ತದೆ. ತೂಕ ಹೆಚ್ಚಿರುವವರಿಗೆ ಅದನ್ನು ಇಳಿಸುವುದು ಯಾವ ಪಥ್ಯಕ್ಕಿಂತಲೂ ದೊಡ್ಡ ಚಿಕಿತ್ಸೆ. ಕುಕ್ಕರಹಳ್ಳಿ ಕೆರೆಯ ಸುತ್ತ ಬೆಳಿಗ್ಗೆ ನಡೆಯುವ ರೂಢಿ ಇದ್ದವರು ಅದನ್ನು ತಪ್ಪಿಸಬೇಡಿ.

ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್‌ನಂಥ ಮಾತ್ರೆಗಳನ್ನು ತಿಂಡಿಗೆ ಸುಮಾರು ಅರ್ಧ ಗಂಟೆ ಮೊದಲು ನುಂಗಬೇಕು. ಉಂಡ ಮೇಲೆ ನುಂಗಿದರೆ ಪರಿಣಾಮ ತಗ್ಗುತ್ತದೆ. ವೈದ್ಯರು ಸಾಮಾನ್ಯವಾಗಿ ನಾಲ್ಕರಿಂದ ಎಂಟು ವಾರಕ್ಕೆ ಬರೆಯುತ್ತಾರೆ. ಆ ಹಳೆಯ ಚೀಟಿಯನ್ನೇ ತೋರಿಸಿ ವರ್ಷಗಟ್ಟಲೆ ತೆಗೆದುಕೊಂಡರೆ ಬಿ12 ಮತ್ತು ಮೆಗ್ನೀಸಿಯಂ ಕೊರತೆ ಉಂಟಾಗಬಹುದು. ಬಹಳ ಕಾಲ ನುಂಗಿದ್ದನ್ನು ಒಮ್ಮೆಲೇ ನಿಲ್ಲಿಸಿದಾಗ ಆಮ್ಲ ತಾತ್ಕಾಲಿಕವಾಗಿ ಉಕ್ಕುವುದುಂಟು, ಆದ್ದರಿಂದ ಕಡಿಮೆ ಮಾಡುವ ಕ್ರಮವನ್ನು ವೈದ್ಯರಿಂದಲೇ ಕೇಳಿ ತಿಳಿಯಿರಿ.

ಬಿಟ್ಟದ್ದನ್ನು ಮತ್ತೆ ಸೇರಿಸುವುದು

ಮೂರು ನಾಲ್ಕು ವಾರ ಉರಿ ಇಲ್ಲದೆ ಕಳೆದ ಮೇಲೆ ಬಿಟ್ಟ ಪದಾರ್ಥಗಳನ್ನು ಒಂದೊಂದಾಗಿ, ಒಂದಕ್ಕೊಂದು ಮೂರು ದಿನದ ಅಂತರದಲ್ಲಿ, ಮಧ್ಯಾಹ್ನದ ಊಟಕ್ಕೆ ಮಾತ್ರ ಸೇರಿಸಿ. ಮೊದಲು ಟೊಮೆಟೊ, ನಂತರ ಹುಣಸೆ, ಆಮೇಲೆ ಕೆಂಪು ಚಟ್ನಿ ಸವರಿದ ಮಸಾಲೆ ದೋಸೆಯಂಥ ಖಾರದ ತಿಂಡಿ, ಕೊನೆಗೆ ಕರಿದದ್ದು ಮತ್ತು ಮೈಸೂರು ಪಾಕಿನಂಥ ತುಪ್ಪದ ಸಿಹಿ. ಯಾವುದರಿಂದ ಉರಿ ಮರಳಿತೋ ಅದನ್ನು ಮಾತ್ರ ನಿಮ್ಮ ಪಟ್ಟಿಯಲ್ಲಿ ಉಳಿಸಿಕೊಂಡು, ಉಳಿದವನ್ನು ಮಿತವಾಗಿ ತಿನ್ನಿ. ಎಂಟು ವಾರ ಈ ಕ್ರಮ ಪಾಲಿಸಿದ ಮೇಲೂ ವಾರಕ್ಕೆ ಎರಡು ಬಾರಿಗಿಂತ ಹೆಚ್ಚು ಉರಿ ಬರುತ್ತಿದ್ದರೆ ಬರೆದಿಟ್ಟ ವಿವರಗಳೊಂದಿಗೆ ಜೀರ್ಣಾಂಗ ತಜ್ಞರನ್ನು ಕಂಡು, ಎಂಡೋಸ್ಕೋಪಿ ಅಗತ್ಯವಿದೆಯೇ ಎಂದು ಕೇಳಿ.